ಮುದುಕಮ್ಮನ ಬೈಗುಳ

ಖಾಜಾಹುಸೇನನ ಬಾಯಿ ಮುಚ್ಚಿಸಿದವನು ತಾನೇ ಎಂಬುದರಲ್ಲಿ ಸಾಯಿಕುಮಾರನಿಗೆ ಅನುಮಾನವಿರಲಿಲ್ಲ. ಶಹಾಪುರದಲ್ಲಿ ಸುರಪುರದ ಬಸ್ಸು ಹತ್ತಿದ್ದೇ ಅದನ್ನು ಗೆಳೆಯನೆದುರು ಒಪ್ಪಿಕೊಳ್ಳಲು. ದಾರಿಯುದ್ದಕ್ಕೂ ಮೊದಲ ವಾಕ್ಯ ಹುಡುಕಿದ. ಸಿಗಲಿಲ್ಲ.

ಖಾಜಾ ಸುರಪುರದಲ್ಲಿ ಮೊಬೈಲ್ ರಿಪೇರಿ ಮಾಡುತ್ತಿದ್ದ. ಜೀವವೆಲ್ಲ ಮಿಮಿಕ್ರಿಯ ಮೇಲೆ. ಯೂಟ್ಯೂಬಿನಲ್ಲಿ ಅವನದೊಂದು ಚಾನೆಲ್ಲು. ಕೆಂಭಾವಿ ಸಂತೆಯ ಮೆಣಸಿನಕಾಯಿಯವಳು, ಎಮ್ಮೆ ದಲ್ಲಾಳಿ, ಬೆಂಗಳೂರಿನ ಟಿವಿ ನಿರೂಪಕಿ, ಎಲ್ಲರೂ ಅವನ ಒಂದೇ ಗಂಟಲಿನಲ್ಲಿ ಬಾಡಿಗೆಗಿದ್ದರು.

ಕೆಳಗೆ ಬೀಳುವ ಕಾಮೆಂಟುಗಳೋ, ಬರೀ ಸಕ್ಕರೆ. ‘ತಮ್ಮ ಪ್ರತಿಭೆಗೆ ಅನಂತ ವಂದನೆಗಳು.’ ‘ಅದ್ಭುತ ಪ್ರಯತ್ನ ಸರ್, ಇನ್ನೂ ಎತ್ತರಕ್ಕೆ ಬೆಳೆಯಿರಿ.’ ಎಲ್ಲ ಮೈಸೂರು, ಬೆಂಗಳೂರು ಕಡೆಯವರ ನಯ. ಸುರಪುರದವರು ಹೀಗೆ ಬರೆಯುವುದಿಲ್ಲ. ಇಲ್ಲಿ ಹೊಗಳುವುದು ಬೀಗರ ಮನೆಯ ಸಾರನ್ನು ಮಾತ್ರ. ತಮ್ಮವರ ಸಾರಾದರೆ “ಉಪ್ಪು ಯಾರಪ್ಪ ಹಾಕ್ತಾನ?” ಎಂದು ಬೈದು, ಇನ್ನೊಂದು ಬಟ್ಟಲು ಸುರಿಸಿಕೊಳ್ಳುತ್ತಾರೆ.

ಹೊಟ್ಟೆಕಿಚ್ಚೋ ತುಂಟತನವೋ, ಸಾಯಿಕುಮಾರ ‘ಮುದುಕಮ್ಮ’ ಎಂಬ ಸುಳ್ಳು ಹೆಸರಿನಲ್ಲಿ ಖಾತೆ ತೆರೆದ. ‘ಏ ಖಾಜಾ, ಹುಣಸಗಿ ಬಸ್ಸಿನ ಕಂಡಕ್ಟರ್ ಹಿಂಗ ಒದರ್ತಾನೇನೋ? ಈದ ಎಮ್ಮಿ ಒದರಿದಂಗ ಆಗ್ಯದ. ಮೊದ್ಲ ಟಿಕೇಟ್ ತಗೊಂಡು ಬಸ್ಸಿನ್ಯಾಗ ಕುಂದ್ರು.’

ಹೊಗಳಿದವರಿಗೆ ಒಂದು ಥ್ಯಾಂಕ್ಸನ್ನೂ ಹೇಳದ ಖಾಜಾ ಇವಳಿಗೆ ಕೂಡಲೇ ಉತ್ತರಿಸಿದ: ‘ಹೌದ್ರಿ ಅವ್ವಾ, ತಪ್ಪಾತ್ರಿ.’ ಮುಂದಿನ ವಿಡಿಯೊದಲ್ಲಿ ಕಂಡಕ್ಟರನ ದನಿ ಪಕ್ಕಾ ಇತ್ತು. ಮುದುಕಮ್ಮ ವಾರವಾರ ಝಾಡಿಸಿದಳು, ಖಾಜಾ ವಾರವಾರ ತಿದ್ದಿಕೊಂಡ.

ಆಮೇಲೆ ಅವನು ಮೈಸೂರಿನ ನಿವೃತ್ತ ಮೇಷ್ಟ್ರನ್ನು ಅನುಕರಿಸಿದ. ಮುದುಕಮ್ಮ ಮೂಗು ಮುರಿದಳು: ‘ಇದು ನಿನ್ನ ಕೈಲೆ ಆಗಂಗಿಲ್ಲ, ಬಿಡು. ಆ ನಯ ನಿನ್ನ ಗಂಟಲಾಗ ಇಳ್ಯಂಗಿಲ್ಲ.’

ಮರುದಿನ ಮೈಸೂರಿನ ಹಿರಿಯರೊಬ್ಬರು ಅವಳಿಗೆ ಬರೆದರು: ‘ಅಮ್ಮಾ, ಕಲಾವಿದರ ಮನಸ್ಸು ಬಹಳ ಸೂಕ್ಷ್ಮ. ಸಲಹೆಯನ್ನು ತುಸು ಮೃದುವಾಗಿ ನೀಡಬಹುದಲ್ಲವೇ?’

ಒಂದೂ ಬೈಗುಳವಿಲ್ಲ. ಆದರೂ ಸಾಯಿಕುಮಾರನಿಗೆ ಕಪಾಳಕ್ಕೆ ಬಿಗಿದಂತಾಯಿತು. ಡಿಗ್ರಿ ಮಾಡಿದ ತಾನು ಇಷ್ಟು ಒರಟನೇ? ಬರೆದದ್ದನ್ನೆಲ್ಲ ಅಳಿಸಿ, ಖಾತೆಯನ್ನೂ ಮುಚ್ಚಿ, ಮುದುಕಮ್ಮನನ್ನು ಮಣ್ಣು ಮಾಡಿದ.

ಖಾಜಾ ಮತ್ತೊಂದೇ ವಿಡಿಯೊ ಹಾಕಿದ. ಅದರ ಕೆಳಗೆ ಎಂದಿನ ಸಕ್ಕರೆಯೂ ಬೀಳಲಿಲ್ಲ. ಅಲ್ಲಿಗೆ ಚಾನೆಲ್ಲು ನಿಂತಿತು. ಬದುಕಿನಲ್ಲಿ ಮೊದಲ ಸಲ ಯಾದಗಿರಿಯವರು ದೊಡ್ಡ ವೇದಿಕೆಗೆ ಕರೆದರೆ, ಒಲ್ಲೆ ಎಂದನಂತೆ. ಬೈಗುಳ ಅಷ್ಟು ಆಳಕ್ಕೆ ಇಳಿದಿದೆ ಎಂದುಕೊಂಡ ಸಾಯಿಕುಮಾರ.

ಬಸ್ಸಿಳಿದು ಹೋದಾಗ ಅಂಗಡಿಯಲ್ಲಿ ಖಾಜಾ ಬಿಚ್ಚಿಟ್ಟ ಮೊಬೈಲಿನ ಮೇಲೆ ಬಗ್ಗಿದ್ದ. ಚಾ ತರಿಸಿದ. ಯಾರ ದನಿಯನ್ನೂ ಎರವಲು ಪಡೆಯದೆ ತನ್ನದರಲ್ಲೇ ಮಾತಾಡಿದ. ಅದೇ ಸಾಯಿಕುಮಾರನನ್ನು ಹೆಚ್ಚು ಚುಚ್ಚಿತು.

“ಯಾದಗಿರಿಗಿ ಯಾಕ ಒಲ್ಲೆ ಅಂದಿ?”

“ನಂದು ಬರೋಬರ್ ಅದನೋ ಇಲ್ಲೋ, ಹೇಳೋರು ಯಾರ ಅದಾರ?”

“ಅಷ್ಟು ಮಂದಿ ಹೊಗಳ್ಯಾರಲ್ಲೋ. ಆ ಮುದುಕಿ ಮಾತು ಮನಸಿಗಿ ಹಚ್ಕೋಬ್ಯಾಡ. ಆಕಿ ಯಾರಂದ್ರ…”

ಖಾಜಾ ಕೈಯೆತ್ತಿ ತಡೆದ. ಮುದುಕಮ್ಮನಿಗೆ ಏನೂ ಅನ್ನಬೇಡ ಎಂದ. ಗುನ್ಹೆ ತನ್ನದು, ಆಕೆ ಎಲ್ಲಿದ್ದಾಳೆಂದು ತಿಳಿದರೆ ಹೋಗಿ ಕಾಲು ಹಿಡಿಯುತ್ತೇನೆ ಎಂದ. ಸಾಯಿಕುಮಾರ ಕಕ್ಕಾಬಿಕ್ಕಿಯಾದ. ಬೈದವಳು ಅವಳು, ಅವಳನ್ನು ಓಡಿಸಿದವರು ಮೈಸೂರಿನ ಹಿರಿಯರು. ಇದರಲ್ಲಿ ಇವನ ತಪ್ಪೇನು?

“ಆಕಿಗಿ ಬುದ್ಧಿ ಹೇಳಿದ ಆ ಮೈಸೂರಿನವರು ನಾನೇ, ಸಾಯಿ. ಹೊಗಳಿದೋರು ಎಲ್ಲಾರೂ ನಾನೇ. ಖರೇ ಇದ್ದಾಕಿ ಮುದುಕಮ್ಮ ಒಬ್ಬಾಕಿನೇ.”