ನಿಲ್ಲದ ಕೋಣಗಳು

ಮಾರುಕಟ್ಟೆಗೆ ಬರುವ ಮೊದಲೇ ಕಂಪನಿಗಳು ಕೈಬಿಟ್ಟ ವಿಡಿಯೋ ಗೇಮುಗಳನ್ನು ಹುಡುಕಿ ಕಾಪಾಡುವುದು ಅಶ್ವಿತಾಳಿಗೆ ಒಂದು ವ್ರತದ ಹಾಗೆ. ಈ ಸಲ ಸಿಕ್ಕಿದ್ದು ಮಂಗಳೂರಿನ ಕಂಪನಿಯೊಂದು ಹಿಂದೆ ಅರ್ಧಕ್ಕೇ ಬಿಟ್ಟಿದ್ದ ಕಂಬಳದ ಆಟ. ಅಲ್ಲಿನ ಹಳೇ ನೌಕರನೊಬ್ಬ ಗುಟ್ಟಾಗಿ ದಾಟಿಸಿದ ಪ್ರತಿಯನ್ನು ಅವಳು ಎಲ್ಲರೂ ಆಡಲೆಂದು ತನ್ನ ವೆಬ್‌ಸೈಟಿಗೆ ಹಾಕಿದಳು.

ಆಟದಲ್ಲಿ ಒಂದೇ ತೊಂದರೆ. ಗುರಿ ಮುಟ್ಟಿದ ಮೇಲೂ ಕೋಣಗಳು ನಿಲ್ಲುತ್ತಿರಲಿಲ್ಲ. ಗದ್ದೆ ದಾಟಿ, ನೋಡುವ ಜನರನ್ನು ದಾಟಿ, ನೇರ ಆಕಾಶದೊಳಗೆ ಓಡಿಹೋಗುತ್ತಿದ್ದವು. ಸರಿಮಾಡಿ ಕೊಡಿ ಎಂದು ಆಡಿದವರೆಲ್ಲ ಗೋಗರೆದರು. ಮಾಡಿದವರು ಹೇಗೆ ಬಿಟ್ಟಿದ್ದಾರೋ ಹಾಗೇ ಇರಬೇಕು, ಅವರ ತಪ್ಪನ್ನೂ ಮುಟ್ಟಬಾರದು ಎಂದು ಅಶ್ವಿತಾ ಎಲ್ಲರ ಬಾಯಿ ಮುಚ್ಚಿಸಿದಳು.

ಒಂದು ಮಧ್ಯಾಹ್ನ ಫೋನ್ ಬಂತು.

“ನಾನು ಕಾಮತ್ ಮಾತಾಡುದು. ಆ ಕಂಬಳದ ಆಟ ನಮ್ಮ ಕಂಪನಿಯದ್ದು.”

ಇನ್ನು ಕೇಸು ಬೀಳುವುದು ಖಂಡಿತ ಎಂದುಕೊಂಡಳು ಅಶ್ವಿತಾ.

“ಬೇಡ ಅಂದ್ರೆ ಈಗಲೇ ತೆಗೀತೇನೆ ಸರ್.”

“ಅದಿರಲಿ. ಅದ್ರಲ್ಲಿ ನೀವು ಏನಾದ್ರೂ ಬದಲು ಮಾಡಿದ್ದುಂಟಾ?”

“ದೇವರಾಣೆ ಇಲ್ಲ ಸರ್. ಒಂದು ಚುಕ್ಕೆ ಸಹ ಮುಟ್ಟಲಿಲ್ಲ.”

“ಕೋಣಗಳು?”

“ಹಾಗೇ ಓಡ್ತಾ ಉಂಟು ಸರ್,” ಎಂದಳು ಹೆಮ್ಮೆಯಿಂದ.

ಆ ಕಡೆಯಿಂದ ಉದ್ದನೆಯ ನಿಟ್ಟುಸಿರೊಂದು ಕೇಳಿಸಿತು.

“ಛೆ, ನೀವಾದ್ರೂ ನಿಲ್ಲಿಸಿದ್ದೀರೋ ಅಂತ ಕೇಳ್ಲಿಕ್ಕೆ ಫೋನ್ ಮಾಡಿದ್ದು ಮಾರಾಯ್ರೆ. ಅವು ನಿಲ್ಲದ್ದಕ್ಕೇ ನಾವು ಕಂಪನಿ ಮುಚ್ಚಿದ್ದು.”