ಹೂ ಬೀಳುವ ಮುನ್ನ

ಅಮ್ಮನವರ ಮುಡಿಯ ಮೇಲಿನ ಹೂ ಇನ್ನೂ ಬಿದ್ದಿರಲಿಲ್ಲ. ಬಲಕ್ಕೆ ಬಿದ್ದರೆ ಮೈಸೂರಿಗೆ ಹೋಗುವುದು, ಎಡಕ್ಕೆ ಬಿದ್ದರೆ ಶಿವಮೊಗ್ಗದಲ್ಲೇ ಉಳಿಯುವುದು. "ದೇವ್ರು ಹೇಳಿದ ಹಾಗೆ ಮಾಡಣ ಮಾರಾಯ್ತಿ" ಎಂದು ಹೆಂಡತಿ ಅರ್ಪಿತಾಳನ್ನು ಕೊಪ್ಪದ ಈ ಗುಡಿಗೆ ಕರೆತಂದವನು ಯಶವಂತನೇ. ಬೆಳಿಗ್ಗೆಯಿಂದ ಉಪವಾಸವಿದ್ದ ಅವಳು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಳು.

ಗುಡಿಯ ಪದ್ಧತಿಯಂತೆ ಕಳಚಿ ಹೆಗಲಿಗೆ ಹಾಕಿಕೊಂಡಿದ್ದ ಅಂಗಿ, ಅವನು ನಮಸ್ಕಾರಕ್ಕೆ ಬಗ್ಗಿದಾಗ ಜಾರಿತು. ಜೇಬಿನಲ್ಲಿದ್ದ ಬೀಗದ ಕೈ ಠಣ್ಣೆಂದು ಕಲ್ಲುಹಾಸಿನ ಮೇಲೆ ಬಿತ್ತು. ಅದಕ್ಕೆ ಕಟ್ಟಿದ್ದ ರಟ್ಟಿನ ಚೂರಿನ ಮೇಲೆ 'ಮೈಸೂರು ಮನೆ' ಎಂದು ಬರೆದಿತ್ತು.

ಅರ್ಪಿತಾ ಅದನ್ನು ಹೆಕ್ಕಿ, ಓದಿ, ಮತ್ತೆ ಅವನ ಅಂಗಿಯ ಜೇಬಿಗೇ ಹಾಕಿದಳು. ಬಗ್ಗಿದ ಯಶವಂತ ತಲೆ ಎತ್ತಲಿಲ್ಲ.

"ಭಟ್ರೇ, ಹೂ ತೆಗೆದುಬಿಡಿ" ಎಂದಳು ಅವಳು ಮೆಲ್ಲಗೆ. "ಪಾಪ, ದೇವ್ರಿಗೆ ಎಂತಕ್ಕೆ ಮುಜುಗರ ಮಾಡೋದು?"