ಫಿನಾಯಿಲ್

ಅಪ್ಪನ ಪಕ್ಕದಲ್ಲಿ ಯಾರಾದರೂ ಮೂಗು ಮುಚ್ಚಿಕೊಂಡರೆ ಗುರುಲಿಂಗನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಆಸ್ಪತ್ರೆಯಲ್ಲೂ ಒಂದು ಬೆಂಚು ಬಿಟ್ಟೇ ಕೂತಿದ್ದ. ಅಪ್ಪನ ದೊಡ್ಡ ಕರುಳಿನ ತುದಿಯ ಕ್ಯಾನ್ಸರ್‌ಗೆ ಆಪರೇಷನ್ ಈಗಲೇ ಇಲ್ಲ ಎಂದು ಕೇಳಿದ್ದೇ ತಡ, ಡಾಕ್ಟರುಗಳೆಲ್ಲ ಸಭೆ ಸೇರಿದ್ದ ಕೋಣೆಗೆ ಬಾಗಿಲು ದೂಡಿಕೊಂಡು ನುಗ್ಗಿದ.

“ಇಷ್ಟು ಮಂದಿ ಕುಂತು ಚಾ ಕುಡಿಯಾಕ ನಮ್ಮಪ್ಪನ ಗಡ್ಡೀನ ಬೇಕಾತೇನ್ರಿ? ಕೊಯ್ದು ಒಗಿಯೋದು ಬಿಟ್ಟು ಏನ್ ಪಂಚಾಯ್ತಿ ಇದು? ಅಂವ ಸಂಡಾಸಕ್ಕ ಹೋಗಿಬಂದಾಗೆಲ್ಲ ಫಿನಾಯಿಲ್ ಹಾಕಿ ಹಾಕಿ ನನಗ ಸಾಕಾಗೇತಿ!”

ಸ್ಕ್ಯಾನ್ ನೋಡುವವರು, ರೇಡಿಯೇಷನ್ ಕರೆಂಟು ಕೊಡುವವರು, ಇಂಜೆಕ್ಷನ್ ಬರೆದುಕೊಡುವವರು ಎಲ್ಲರೂ ತಿರುಗಿ ನೋಡಿದರು. ಆಪರೇಷನ್ ಮಾಡುವ ಡಾಕ್ಟರು ಕುರ್ಚಿ ತೋರಿಸಿದರು.

“ಕೂಡ್ರಿ. ನಾನೊಬ್ಬನ ಆಗಿದ್ದರ ಹ್ವಾದ ವಾರನ ಕೊಯ್ತಿದ್ದೆ. ಹೊಟ್ಟಿಗೆ ತೂತು ಮಾಡಿ ಚೀಲ ಕಟ್ಟತಿದ್ದೆ. ಸಾಯೋತನಕ ಮಲ ಅದರಾಗ ಬರತಿತ್ತು. ಮೊದಲು ಕರೆಂಟು ಕೊಟ್ಟು ಗಡ್ಡಿ ಕುಗ್ಗಿಸಿದರ ಚೀಲ ತಪ್ಪಬಹುದು ಅಂತ ಇವರೆಲ್ಲ ಕೂಡಿ ದಾರಿ ಹುಡುಕ್ಯಾರ.”

“ಜೀವ ಉಳದರ ಸಾಕಲ್ರೀ! ಚೀಲಕ್ಕ ಯಾರು ಅಂಜತಾರ?”

ಚೀಲ ಕಟ್ಟಿಕೊಳ್ಳುವುದನ್ನು ರೋಗಿಗಳಿಗೆ ಕಲಿಸುವ ನರ್ಸಮ್ಮ ಮೂಲೆಯಿಂದ ತಲೆ ಎತ್ತಿದಳು.

“ನಿಮ್ಮಪ್ಪ ಅಂಜತಾರ, ತಮ್ಮಾ. ನನ್ನ ಕೈ ಹಿಡಕೊಂಡು ಅತ್ತಾರ. ‘ಈಗ ನಾ ಎದ್ದು ಬಂದ ಕೂಡ್ಲೇ ಮಗ ಫಿನಾಯಿಲ್ ಡಬ್ಬಿ ಹಿಡಕೊಂಡು ನಿಂತಿರತಾನ. ಚೀಲ ಕಟಗೊಂಡು ಹ್ವಾದರ ಮನಿಯೊಳಗ ಕರಕೋತಾನೇನವ್ವಾ?’ ಅಂದ್ರು.”